ನೀಲಿ ಲಕೋಟೆಯೊಳಗಿನ ಹೆಸರು

ನಮ್ಮ ಮನೆಯ ಕಂಪ್ಯೂಟರಿಗೆ ಒಂದು ಚಟವಿದೆ. ಯಾವ ಪುಟದಲ್ಲಿ "ನಮಗೆ ಬರೆಯಿರಿ" ಎಂಬುದನ್ನು ಒತ್ತಿದರೂ ಸರಿ, ಅದು ನಿಮ್ಮನ್ನು ಒಂದು ಮಾತೂ ಕೇಳದೆ ನೀಲಿ ಲಕೋಟೆಯೊಂದನ್ನು ಬಿಚ್ಚಲು ಹೊರಡುತ್ತದೆ. ಬಿಚ್ಚುವುದಕ್ಕೂ ಅವಸರವೇನಿಲ್ಲ. ಮೊದಲು ಪರದೆ ಬೆಳ್ಳಗಾಗುತ್ತದೆ. ಆಮೇಲೆ ಸಣ್ಣ ಚುಕ್ಕೆಗಳು ಗಾಣದೆತ್ತಿನ ಹಾಗೆ ಸುತ್ತತೊಡಗುತ್ತವೆ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದರೆ ಅದು ಉಕ್ಕಿ ಹರಿಯುವುದಕ್ಕೆ ಇಷ್ಟು ಹೊತ್ತು ಧಾರಾಳವಾಗಿ ಸಾಕು. ಕೊನೆಗೊಮ್ಮೆ ಲಕೋಟೆ ಬಾಯಿ ತೆರೆದು "ನಮಸ್ಕಾರ, ಗುರುರಾಜ" ಎನ್ನುತ್ತದೆ.

ಗುರುರಾಜ ಎಂದರೆ ನಮ್ಮ ಯಜಮಾನರು. ಕುರ್ಚಿಯಲ್ಲಿ ಕೂತವಳು ನಾನು. ಆದರೆ ಎದುರಿಗೆ ಯಾರು ಕೂತಿದ್ದಾರೆಂದು ಕಣ್ಣೆತ್ತಿ ನೋಡುವ ಸೌಜನ್ಯ ಆ ಪೆಟ್ಟಿಗೆಗಿಲ್ಲ. ಬಹಳ ದಿನ ನಾನೂ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ನಮ್ಮ ಮನೆಗೆ ಬರುವ ಮದುವೆಯ ಕರೆಯೋಲೆಯಿಂದ ಹಿಡಿದು ವಿದ್ಯುತ್ ಬಿಲ್ಲಿನ ತನಕ ಎಲ್ಲದರ ಮೇಲೂ ಅವರದೇ ಹೆಸರಿರುತ್ತದೆ. ಇದೊಂದು ಲಕೋಟೆ ಬೇರೆ ಯಾಕಾದೀತು ಎಂದುಕೊಂಡಿದ್ದೆ.

ಒಂದು ಮುಜುಗರ ಮಾತ್ರ ಇತ್ತು. ಆ ಹೆಸರನ್ನು ಅದು ಅಷ್ಟು ಸಲೀಸಾಗಿ ಕರೆದುಬಿಡುತ್ತದಲ್ಲ, ಇಷ್ಟು ವರ್ಷ ಸಂಸಾರ ಮಾಡಿಯೂ ನಾನು ಹಾಗೆ ಕರೆದವಳಲ್ಲ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳಬೇಕಾದರೆ ಒಡಪು ಕಟ್ಟಬೇಕು. ಪ್ರಾಸ ಕೂಡಿಸಿ ನಾಲ್ಕು ಸಾಲು ಹೇಳಿ, ಕಡೆಯ ಸಾಲಿನಲ್ಲಿ ಆ ಹೆಸರನ್ನು ಸೇರಿಸಿ, ತಲೆ ತಗ್ಗಿಸಬೇಕು. ಮದುವೆಯ ಮನೆಯಲ್ಲಿ ಬಾಗಿಲು ತಡೆದು ನಿಂತ ನಾದಿನಿಯರು ಅದಿಲ್ಲದೆ ಒಳಗೆ ಬಿಡುವುದಿಲ್ಲ. ನನ್ನ ಒಡಪಿನಲ್ಲಿ ಬೆಳ್ಳಿ ಬಟ್ಟಲು, ಕುಂಕುಮ, ಗುಲಾಬಿ ಎಲ್ಲವೂ ಬಂದು ಹೋಗಿ ಹೆಸರು ಬರುವ ಹೊತ್ತಿಗೆ ನನ್ನ ಉಸಿರೇ ಮುಗಿದಿತ್ತು. "ಕೇಳಸಲಿಲ್ಲ, ಮತ್ತೊಮ್ಮೆ ಹೇಳವಾ" ಎಂದು ನಾದಿನಿಯರು ಬಟ್ಟಲಿನಿಂದ ಮತ್ತೆ ಸುರು ಮಾಡಿಸಿದ್ದರು. ಪುಣೆಗೆ ಬಂದು ನೋಡಿದರೆ ಇಲ್ಲಿಯ ಮರಾಠಿ ಹೆಂಗಸರಲ್ಲೂ ಅದೇ ಪದ್ಧತಿ. ಅವರು ಅದಕ್ಕೆ ಉಖಾಣಾ ಅನ್ನುತ್ತಾರೆ. ಹಳದಿ ಕುಂಕುಮಕ್ಕೆ ಹೋದಲ್ಲಿ ನಾನು ಅರ್ಧ ಮರಾಠಿ, ಅರ್ಧ ಕನ್ನಡ ಬೆರೆಸಿ ಹೇಳಿ ಎರಡೂ ಭಾಷೆಯವರನ್ನು ನಗಿಸುತ್ತಿದ್ದೆ.

ಯಜಮಾನರ ಬಗ್ಗೆಯೂ ಎರಡು ಮಾತು ಹೇಳಿಬಿಡುತ್ತೇನೆ. ಅವರು ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಅಡತಿ, ಅಂದರೆ ದಲ್ಲಾಳಿ, ಅಂಗಡಿಯೊಂದರಲ್ಲಿ ಗುಮಾಸ್ತರಾಗಿ ದುಡಿದು ನಿವೃತ್ತರಾದವರು. ಮನೆಗೆ ಬಂದರೆ ಅಂಗಿಯ ತೋಳಿನಿಂದ ಬೆಲ್ಲದ ವಾಸನೆ ಬರುತ್ತಿತ್ತು, ಗೋಡೆಯ ಮೊಳೆಗೆ ತೂಗುಹಾಕಿದರೆ ಇರುವೆ ಸಾಲುಗಟ್ಟುತ್ತಿತ್ತು. ಸಂಭಾವಿತರು. ಅವರದು ಒಂದೇ ತತ್ವ: ನಡೆಯುತ್ತಿರುವುದನ್ನು ಮುಟ್ಟಬಾರದು. ನಮ್ಮ ಗೋಡೆ ಗಡಿಯಾರ ಎಂದಿನಿಂದಲೂ ಮುಂದೆ ಓಡುತ್ತದೆ, ನಾವೇ ಮನಸ್ಸಿನಲ್ಲಿ ಅದನ್ನು ಹಿಂದೆ ತಿರುಗಿಸಿಕೊಂಡು ಟೈಮು ನೋಡುತ್ತೇವೆ. ಟೀವಿಯ ರಿಮೋಟು ಇನ್ನೂ ಅಂಗಡಿಯಿಂದ ಬಂದ ಪ್ಲಾಸ್ಟಿಕ್ಕಿನಲ್ಲೇ ಇದೆ. "ನಡೀಲಿಕ್ಕತ್ತದಲ್ಲ, ಮತ್ಯಾಕ ಕೆದರತಿ?" ಎನ್ನುತ್ತಾರೆ. ಪುಣೆಯ ಅಂಚಿನ ವಾಕಡದ ಈ ಫ್ಲ್ಯಾಟಿಗೆ ಬಂದ ಮೇಲೆ ಕಂಪ್ಯೂಟರನ್ನು ಕಿಟಕಿಯ ಪಕ್ಕ ಇಟ್ಟರು. ನಾನು ಹಳೆಯ ಇಳಕಲ್ ಸೀರೆಯಲ್ಲಿ ಅದಕ್ಕೊಂದು ಗವಸು ಹೊಲಿದೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು ಗವಸು ತೆಗೆದು, ಮಡಚಿ, ದೇವರ ಪೆಟ್ಟಿಗೆ ತೆರೆದಷ್ಟೇ ಜೋಪಾನವಾಗಿ ಅವರು ಅದನ್ನು ಚಾಲೂ ಮಾಡುತ್ತಾರೆ.

ಇಷ್ಟೆಲ್ಲ ಹೇಳಲು ಕಾರಣ ಒಂದು ಫೋಟೋ. ಜಮಖಂಡಿಯಲ್ಲಿ ನಾನು ಓದಿದ ಹೆಣ್ಣುಮಕ್ಕಳ ಶಾಲೆಯವರು ಈಗ ಅಂತರ್ಜಾಲದಲ್ಲಿ ಒಂದು ಪುಟ ಮಾಡಿದ್ದಾರೆಂದು ತವರಿನಿಂದ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಫೋನಿಗೆ ಕಳಿಸಿದರು. ಫೋನಿನಲ್ಲಿ ನನಗೆ ಎಲ್ಲ ಅಕ್ಷರವೂ ಸಾಸಿವೆ ಕಾಳು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಡಾಕ್ಟರು ದೊಡ್ಡ ಪರದೆ ನೋಡಿ ಎಂದಿದ್ದರು. ಹಾಗಾಗಿ ಸೀರೆಯ ಗವಸು ತೆಗೆದು ನಾನೇ ಕೂತೆ.

ಪುಟದ ನಡುವೆ ಕಪ್ಪು ಬಿಳುಪಿನ ಒಂದು ಚಿತ್ರ. ನಮ್ಮ ಖೋಖೋ ತಂಡ! ಬೆಂಚಿನ ಮೇಲೆ ನಡುವೆ ಕೂತವರು ಅಕ್ಕೋರು. ನಮ್ಮ ಕಡೆ ಶಿಕ್ಷಕಿಯರಿಗೆಲ್ಲ ಅಕ್ಕೋರು ಎಂದೇ ಅನ್ನುವುದು, ಆದರೆ ಬರೇ "ಅಕ್ಕೋರು" ಎಂದರೆ ಇಡೀ ಶಾಲೆಗೆ ಆಟದ ಅಕ್ಕೋರೊಬ್ಬರೇ. ಕೆಳಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರಲ್ಲಿ ತುದಿಗಿರುವವಳು ನಾನು. ಎರಡು ಜಡೆ ಮಡಚಿ ರಿಬ್ಬನ್ನು ಕಟ್ಟಿಕೊಂಡಿದ್ದೇನೆ. ಮೊಣಕಾಲಿಗೆ ಬಟ್ಟೆಯ ಪಟ್ಟಿ ಇದೆ. ಎಲ್ಲರೂ ಕ್ಯಾಮರಾ ನೋಡುತ್ತಿದ್ದರೆ ನಾನು ಬೇರೆಲ್ಲೋ ನೋಡುತ್ತ, ಇನ್ನೇನು ಎದ್ದು ಓಡುವವಳ ಹಾಗೆ ಮುಂದಕ್ಕೆ ಬಾಗಿದ್ದೇನೆ. ಚಿತ್ರದ ಕೆಳಗೆ ಸಾಲಾಗಿ ಹೆಸರುಗಳಿದ್ದವು. ಶಕುಂತಲಾ ಇದ್ದಳು, ಮಹಾದೇವಿ ಇದ್ದಳು, ಒಂದೇ ದಿನ ಎರಡು ಸಲ ಕೈ ಮುರಿದುಕೊಂಡ ಬಸಮ್ಮ ಕೂಡ ಇದ್ದಳು. ನನ್ನ ಜಾಗದಲ್ಲಿ "ಹೆಸರು ತಿಳಿದುಬಂದಿಲ್ಲ" ಎಂದಿತ್ತು.

ಮೊದಲು ನಗು ಬಂತು. ಊರಲ್ಲೇ ಉಳಿದವರು ತಂತಮ್ಮ ಹೆಸರು ಹೇಳಿಕೊಂಡಿರಬೇಕು, ದೂರ ಹೋದವಳದು ಬಿಟ್ಟುಹೋಗಿದೆ, ಅಷ್ಟೇ ತಾನೆ. ಕೆಳಗೆ ಇನ್ನೆರಡು ಸಾಲು ಇತ್ತು: ಅಕ್ಕೋರಿಗೆ ಸತ್ಕಾರ ಇಟ್ಟುಕೊಂಡಿದ್ದೇವೆ, ಆ ದಿನ ಈ ಚಿತ್ರವನ್ನು ದೊಡ್ಡದಾಗಿ ಮಾಡಿಸಿ ಹೆಸರುಗಳ ಸಮೇತ ಶಾಲೆಯ ಸಭಾಂಗಣದಲ್ಲಿ ತೂಗುಹಾಕುತ್ತೇವೆ, ತಿದ್ದುಪಡಿ ಇದ್ದರೆ ತಿಂಗಳ ಕೊನೆಯೊಳಗೆ ತಿಳಿಸಿ. ಅದನ್ನು ಓದಿದ ಮೇಲೆ ನಗು ಸ್ವಲ್ಪ ಕಡಿಮೆಯಾಯಿತು. ಗೋಡೆಯ ಮೇಲೆ, ಕಟ್ಟಿನೊಳಗೆ, ಮುಂದೆ ಬರುವ ಎಷ್ಟೋ ಹುಡುಗಿಯರ ಕಣ್ಣೆದುರು ನಾನು ತಿಳಿದುಬಾರದವಳಾಗಿ ಕೂತಿರುವುದು ನನಗೆ ಬೇಡವಾಗಿತ್ತು.

ಖೋಖೋ ಆಡದವರಿಗೆ ಹೇಳುತ್ತೇನೆ. ಎರಡು ಕಂಬಗಳ ನಡುವೆ ಒಂದೇ ಸಾಲಿನಲ್ಲಿ ಕುಕ್ಕುರುಗಾಲಲ್ಲಿ ಕೂರಬೇಕು. ಒಬ್ಬಳ ಮುಖ ಈ ಕಡೆಯಾದರೆ ಪಕ್ಕದವಳ ಮುಖ ಆ ಕಡೆ. ಅಟ್ಟಿಸಿಕೊಂಡು ಹೋಗುವವಳು ಒಬ್ಬಳೇ. ಅವಳು ಹಿಂದಿನಿಂದ ಬಂದು ಬೆನ್ನು ಮುಟ್ಟಿ "ಖೋ" ಎಂದಾಗ ಮಾತ್ರ ನೀವು ಏಳಬೇಕು, ನೀವೆದ್ದ ಜಾಗದಲ್ಲಿ ಅವಳು ಕೂರುತ್ತಾಳೆ. ಅಲ್ಲಿಯವರೆಗೆ ಎದುರಿನವಳು ನಿಮ್ಮ ಮೂಗಿನ ಮುಂದೆಯೇ ಓಡಿಹೋದರೂ ಕೈ ಚಾಚುವ ಹಾಗಿಲ್ಲ. ನನ್ನ ದೊಡ್ಡ ತೊಂದರೆ ಅದೇ ಆಗಿತ್ತು. ಪರಕರವನ್ನು, ಅಂದರೆ ಲಂಗವನ್ನು, ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಾಗಿನಿಂದ ನನ್ನ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಅಕ್ಕೋರು ಆಗಾಗ ನನಗಾಗಿಯೇ ಸೀಟಿ ಊದುತ್ತಿದ್ದರು. ಅವರು ಬೈಯುತ್ತಿದ್ದರು, ನಾನು ಮಣ್ಣು ಕೊಡವಿಕೊಂಡು ಮತ್ತೆ ಕೂರುತ್ತಿದ್ದೆ. ಆಟದ ನಡುವೆ ಬೇವಿನ ಮರದ ಕೆಳಗೆ ಒಂದು ಹಿತ್ತಾಳೆ ಕೊಡದಲ್ಲಿ ನೀರಿಟ್ಟಿರುತ್ತಿದ್ದರು, ಅದರಲ್ಲಿ ಯಾವಾಗಲೂ ಬೇವಿನ ಒಂದೆರಡು ಎಲೆ ತೇಲುತ್ತಿದ್ದವು. ಆ ಕಹಿ ಬೆರೆತ ತಣ್ಣೀರಿನ ರುಚಿ ಈಗಲೂ ನನಗೆ ನೆನಪಿದೆ.

ಇದನ್ನೆಲ್ಲ ಬರೆದೆ. ಪುಟದಲ್ಲಿ ವಿಳಾಸ ಕಾಣಿಸುತ್ತಿರಲಿಲ್ಲ, "ನಮಗೆ ಬರೆಯಿರಿ" ಎಂಬ ಗುಂಡಿಯಷ್ಟೇ ಇತ್ತು. ಒತ್ತಿದೆ. ನೀಲಿ ಲಕೋಟೆ ತೆರೆದುಕೊಂಡು ಗುರುರಾಜರಿಗೆ ನಮಸ್ಕಾರ ಹೇಳಿತು. ಹೇಳಿಕೊಳ್ಳಲಿ ಬಿಡು ಎಂದು ಇಂಗ್ಲಿಷ್ ಅಕ್ಷರ ಒತ್ತೊತ್ತಿ ಕನ್ನಡ ಮೂಡಿಸುತ್ತ ಕೂತೆ. ತುದಿಗೆ ಕೂತವಳು ನಾನೇ ಎಂದೆ. ಕೊಡ, ಬೇವಿನ ಎಲೆ, ಬಸಮ್ಮನ ಕೈ, ಏನನ್ನೂ ಬಿಡಲಿಲ್ಲ. ಕೊನೆಯಲ್ಲಿ "ಇಂತಿ ತಮ್ಮ ವಿಶ್ವಾಸಿ, ಗಾಯತ್ರಿ" ಎಂದು ಬರೆದು ಕಳಿಸಿದೆ. ಎದ್ದು ಹೋಗಿ ಉಕ್ಕಿದ ಹಾಲು ಒರೆಸಿದೆ.

ಉತ್ತರ ಬಂದದ್ದು ಸಹಜವಾಗಿಯೇ ಯಜಮಾನರ ಹೆಸರಿಗೆ. ಅವರು ಪೇಪರ್ ಓದುವ ದನಿಯಲ್ಲಿ ಗಟ್ಟಿಯಾಗಿ ಓದಿದರು.

"ಮಾನ್ಯ ಗುರುರಾಜ ಅವರಿಗೆ ನಮಸ್ಕಾರ. ನಾನು ಈಗ ಶಾಲೆಯಲ್ಲಿ ದೈಹಿಕ ಶಿಕ್ಷಕಿ. ತಮ್ಮ ಪತ್ನಿಯವರ ಬರಹ ಓದಿ ಸಂತೋಷವಾಯಿತು. ಅಕ್ಕೋರಿಗೆ ಈಗ ದೃಷ್ಟಿ ಪೂರ್ತಿ ಹೋಗಿದೆ, ಚಿತ್ರ ತೋರಿಸಿದರೆ ಕಾಣುವುದಿಲ್ಲ. ಆದರೆ ಹೆಸರು ಹೇಳಿದರೆ ಪ್ರತಿಯೊಬ್ಬರ ಆಟವನ್ನೂ ವರ್ಣಿಸುತ್ತಾರೆ. ಅವರ ಮನೆಗೇ ಹೋಗಿ ಕೇಳಿದೆ. ಗಾಯತ್ರಿ ಎಂಬ ಹುಡುಗಿ ತಮ್ಮ ತಂಡದಲ್ಲಿ ಯಾವತ್ತೂ ಇರಲಿಲ್ಲ ಎಂದು ಖಚಿತವಾಗಿ ಹೇಳಿದರು. ಬಹುಶಃ ಬೇರೆ ಶಾಲೆ ಇರಬಹುದು. ದಯವಿಟ್ಟು ತಪ್ಪು ತಿಳಿಯಬಾರದು."

ಯಜಮಾನರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನೀ ಆಡಿದ್ದು ಖರೇನ?"

ನನಗೆ ಅಳು ಬಂತು. ಇಷ್ಟು ವಯಸ್ಸಾದ ಮೇಲೆ ಖೋಖೋದ ವಿಷಯಕ್ಕೆ ಅತ್ತೆ ಎಂದು ಹೇಳಿಕೊಳ್ಳಲು ಸಂಕೋಚವೇ, ಆದರೆ ಬಂದದ್ದು ಬಂತು. ಅಕ್ಕೋರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಗಾಯತ್ರಿ ಜಮಖಂಡಿಯಲ್ಲಿ ಯಾವ ಆಟವನ್ನೂ ಆಡಿರಲಿಲ್ಲ. ಆಡಿದವಳು ತುಂಗಾ.

ಮಕ್ಕಳಿಲ್ಲವೆಂದು ಅಪ್ಪ, ಅವ್ವ ಹರಕೆ ಹೊತ್ತು ತುಂಗಭದ್ರೆಯಲ್ಲಿ ಮುಳುಗಿ ಬಂದರಂತೆ. ಮೊದಲು ಅಣ್ಣ ಹುಟ್ಟಿದ, ನಂತರ ನಾನು. ಕೃಷ್ಣೆಯ ಮಗ್ಗುಲಲ್ಲೇ ಇದ್ದುಕೊಂಡು ಮಗಳಿಗೆ ದೂರದ ಹೊಳೆಯ ಹೆಸರಿಟ್ಟರೆಂದು ನೆರೆಹೊರೆಯವರು ಚೇಷ್ಟೆ ಮಾಡುತ್ತಿದ್ದರು. ಆ ಹೆಸರು ನನ್ನ ಜೊತೆ ಮದುವೆಯ ಮಂಟಪದ ತನಕ ಬಂತು.

ನಮ್ಮಲ್ಲಿ ಮದುವೆಯ ದಿನ ಮದುಮಗಳಿಗೆ ಹೊಸ ಹೆಸರು ಇಡುತ್ತಿದ್ದರು. ತಾಟಿನಲ್ಲಿ ಅಕ್ಕಿ ಹರವಿ, ಮದುಮಗ ಬೆರಳಿನ ಉಂಗುರ ತೆಗೆದು ಅದರಿಂದ ಅಕ್ಕಿಯಲ್ಲಿ ಹೆಸರು ಬರೆಯಬೇಕು. ಮಹಾರಾಷ್ಟ್ರದಲ್ಲೂ ಇದೆ, ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಹೆಸರು ಬದಲಾಗುವುದಕ್ಕೆ ಬೇರೆ ಕಾರಣವೂ ಇತ್ತು. ಗಂಡನ ಮನೆಯಲ್ಲಿ ಆಗಲೇ ಒಬ್ಬರು ತುಂಗಕ್ಕ ಇದ್ದರು. ಮಾವನವರ ಅಕ್ಕ, ಗಟ್ಟಿ ದನಿಯ ಮುದುಕಿ. ಅಡುಗೆ ಮನೆಯಲ್ಲಿ ನಿಂತು "ತುಂಗಾ" ಎಂದು ಕರೆದರೆ ಇಬ್ಬರೂ ಓಡಿ ಬಂದು ಡಿಕ್ಕಿ ಹೊಡೆಯುತ್ತಾರೆ ಎಂದು ಅವರೇ ಹೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಗುರುರಾಜನಿಗೆ ಹೊಂದಬೇಕು, ಗ ಅಕ್ಷರದಿಂದಲೇ ಸುರುವಾಗಲಿ ಎಂದರು ಯಾರೋ. ಗಾಯತ್ರಿ ಎಂದರು ಇನ್ನಾರೋ. ಯಜಮಾನರು ಬೆವರುತ್ತ ಬರೆದರು. ಅಕ್ಷರ ಸೊಟ್ಟಗಿತ್ತು, ಬರೆಯುತ್ತಿರುವಾಗಲೇ ಅಕ್ಕಿ ಜಾರಿ ಮೊದಲ ಅಕ್ಷರ ಮುಚ್ಚಿಕೊಳ್ಳುತ್ತಿತ್ತು. ಮರುದಿನ ಆ ಅಕ್ಕಿಯದೇ ಪಾಯಸವಾಯಿತು, ನೆಂಟರೆಲ್ಲ ಉಂಡರು. ಹೆಸರು ಮಾತ್ರ ನನಗೆ ಉಳಿಯಿತು.

ಕೆಟ್ಟ ಹೆಸರೇನಲ್ಲ. ಅದರ ಜೊತೆ ನನಗೆ ಜಗಳವೂ ಇಲ್ಲ. ಸಹಿ ಅದರದೇ, ಆಧಾರ ಕಾರ್ಡು ಅದರದೇ. ಅದಲ್ಲದೆ ಹೆಂಗಸಿಗೆ ಹೆಸರಿನ ಬರ ಎಲ್ಲಿಯದು? ನಾದಿನಿಯರಿಗೆ ನಾನು ವೈನಿ, ಅವರ ಮಕ್ಕಳಿಗೆ ಮಾಮಿ, ಕೊತ್ತಂಬರಿ ಮಾರುವವನಿಗೆ ಕಾಕೂ. ವಾಕಡದಿಂದ ಹಿಂಜವಡಿಯ ಐಟಿ ಕಂಪನಿಗಳಿಗೆ ಕೆಲಸಕ್ಕೆ ಹೋಗುವ ಹುಡುಗಿಯರಿಗೆಲ್ಲ ಆಂಟಿ. ಯಾರು ಹೇಗೆ ಕರೆದರೂ ಓ ಎಂದುಕೊಂಡೇ ಕಾಲ ಸಾಗಿದೆ. ತುಂಗಾ ಎಂದು ಕರೆಯುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಅವ್ವ ಹೋದ ಮೇಲೆ ಅಣ್ಣ ಕೂಡ, ವೈನಿಯಿಂದ ಕಲಿತು, ಗಾಯತ್ರಿ ಎನ್ನತೊಡಗಿದ. ಅದು ಯಾವಾಗ ಎಂದು ನಾನು ಗಮನಿಸಲೇ ಇಲ್ಲ.

"ಅಷ್ಟಕ್ಕ ಅಳತಾರೇನು? ಇದರಾಗ ಮತ್ತೊಂದು ಬರದು ಬಿಡು. ಗಾಯತ್ರಿ ಅಂದ್ರ ತುಂಗಾ ಅಂತ ನಾನ ತಿಳಿಸಿ ಬರೀತೇನಿ" ಎಂದರು ಯಜಮಾನರು.

"ಬ್ಯಾಡ್ರಿ."

"ಯಾಕ?"

"ಗುರುರಾಜ ಬರದದ್ದು ಅಂತ ಹೋಗ್ತದ. ಗುರುರಾಜಗ ಉತ್ತರ ಬರ್ತದ. ಆಟ ಆಡಿದಾಕಿ ನಾ, ನಾನ ಬರೀಬೇಕು."

ಹೇಳಿದ ಮೇಲೆ ನನಗೆ ಹೊಳೆಯಿತು. ಒಡಪಿಲ್ಲದೆ, ಪ್ರಾಸವಿಲ್ಲದೆ, ಆ ಹೆಸರು ಎರಡು ಸಲ ನನ್ನ ಬಾಯಿಂದ ಬಂದುಬಿಟ್ಟಿತ್ತು. ಅವರಿಗೂ ಅದು ಕೇಳಿಸಿತ್ತು.

ಪಕ್ಕದ ಫ್ಲ್ಯಾಟಿನ ಸಹನಾ ಮೈಸೂರಿನವಳು, ಗಂಡ ಹೆಂಡತಿ ಇಬ್ಬರೂ ಐಟಿ ಕಂಪನಿಯವರು. ನನ್ನದೇ ಒಂದು ಮೇಲ್ ಖಾತೆಯನ್ನು ಹಿಂದೊಮ್ಮೆ ನಮ್ಮ ಫ್ಲ್ಯಾಟುಗಳ ಸೊಸೈಟಿಯ ಕೆಲಸಕ್ಕೆ ಬೇಕೆಂದು ಅವಳೇ ಮಾಡಿಕೊಟ್ಟಿದ್ದಳು. ಅದಿದ್ದೂ ಪೆಟ್ಟಿಗೆ ಯಾಕೆ ಅವರ ಲಕೋಟೆಯನ್ನೇ ತೆರೆಯುತ್ತದೆಂದು ಕೇಳಿದೆ. ಆಫೀಸಿನ ಕ್ಯಾಬಿಗೆ ಇಳಿಯುವ ಗಡಿಬಿಡಿಯಲ್ಲಿ ಲಿಫ್ಟಿನ ಮುಂದೆ ನಿಂತೇ ಹೇಳಿದಳು.

"ಆಂಟಿ, ತುಂಬಾ ಸಿಂಪಲ್. ಮೇಲ್ ಲಿಂಕ್ ಕ್ಲಿಕ್ ಮಾಡಿದ್ರೆ ಯಾವ ಆ್ಯಪ್ ಓಪನ್ ಆಗ್ಬೇಕು ಅನ್ನೋದು ಸೆಟ್ಟಿಂಗ್ಸಲ್ಲಿ ಇರುತ್ತೆ. ನಿಮ್ಮಲ್ಲಿ ಡೀಫಾಲ್ಟ್ ಆ ಆ್ಯಪ್ ಆಗಿದೆ, ಅದ್ರಲ್ಲಿ ಅಂಕಲ್ ಅಕೌಂಟ್ ಇದೆ. ಅದನ್ನ ಚೇಂಜ್ ಮಾಡ್ಬೇಕು ಅಷ್ಟೇ."

"ಹಂಗ ಇಡಂತ ಯಾರು ಹೇಳಿದ್ರವಾ ಅದಕ್ಕ?"

"ಯಾರೂ ಹೇಳಿರಲ್ಲ ಆಂಟಿ. ನಾವು ಏನೂ ಹೇಳ್ದೇ ಇದ್ರೆ ಅದೇ ಡಿಸೈಡ್ ಮಾಡ್ಕೊಂಡ್ಬಿಡುತ್ತೆ."

ಲಿಫ್ಟು ಬಂತು, ಅವಳು ಇಳಿದು ಹೋದಳು. ನಾನು ಮನೆಯೊಳಗೆ ಬಂದೆ. ಮದುವೆ ಮಂಟಪದಲ್ಲೂ ಯಾರದೂ ಜಬರದಸ್ತಿ ಇರಲಿಲ್ಲ. ಯಾರೋ ಎಂದರು, ಇನ್ನಾರೋ ಹೂಂ ಎಂದರು, ನಾನು ಏನೂ ಹೇಳಿರಲಿಲ್ಲ.

ಯಜಮಾನರು ಸೆಟ್ಟಿಂಗ್ಸಿಗೆ ಕೈ ಹಾಕಲು ಒಪ್ಪಲಿಲ್ಲ. "ಅದು ಮಾರ್ಕೆಟ್ ಯಾರ್ಡ್ ಇದ್ದಂಗ ಅದ. ಒಂದು ಗಲ್ಲಿ ತಪ್ಪಿದ್ರ ಬೆಲ್ಲಕ್ಕ ಹೋದಾಂವ ಉಳ್ಳಾಗಡ್ಡಿ ಸಾಲಿನಾಗ ನಿಂತಿರ್ತಾನ. ಇದ್ದ ಮೇಲ್ ಸುದ್ದಾ ಹೋದ್ರ?" ಎಂದರು. ನಾನು ಜಗಳವಾಡಲಿಲ್ಲ. ಕುರ್ಚಿ ಎಳೆದುಕೊಂಡು ನಾನೇ ಕೂತೆ. ಯಾವುದೋ ಗುಂಡಿ ಒತ್ತಿದೆ, ಪರದೆಯ ಬಣ್ಣ ಕಪ್ಪಾಯಿತು. ಇನ್ನೊಂದು ಒತ್ತಿದೆ, ಅಕ್ಷರಗಳು ಹೋಳಿಗೆಯಷ್ಟು ದೊಡ್ಡದಾದವು. ಅದನ್ನು ಅವರಿಂದ ನೋಡಲಾಗಲಿಲ್ಲ. "ಸರಿ ಆಕಡೆ" ಎಂದು ಕನ್ನಡಕ ಏರಿಸಿಕೊಂಡು ಕೂತರು.

ಸೆಟ್ಟಿಂಗ್ಸ್ ಎಂಬ ಹಲ್ಲುಚಕ್ರ ಒತ್ತಿದರು. ಅದರೊಳಗೆ ಆ್ಯಪ್‌ಗಳ ಮನೆ, ಆ ಮನೆಯೊಳಗೆ ಡೀಫಾಲ್ಟ್ ಆ್ಯಪ್‌ಗಳ ಕೋಣೆ. ಹಾಡಿಗೆ ಇಂಥದ್ದು, ಚಿತ್ರಕ್ಕೆ ಇಂಥದ್ದು ಎಂದು ಹೆಸರು ಬರೆದು ಕೂರಿಸಿದ್ದರು. ಇಮೇಲ್ ಎಂಬುದರ ಮುಂದೆ ನಮ್ಮ ನೀಲಿ ಲಕೋಟೆ ಕೂತಿತ್ತು. ಅದನ್ನು ಒತ್ತಿದರೆ ಬೇರೆ ಯಾರು ಬೇಕೆಂದು ಕೇಳಿತು. ನನ್ನ ಖಾತೆ ಇರುವುದು ಬ್ರೌಸರಿನಲ್ಲಿ, ಅಂದರೆ ನಾವು ಪುಟಗಳನ್ನು ತೆರೆದು ನೋಡುತ್ತೇವಲ್ಲ ಅದರಲ್ಲಿ. ಅದನ್ನು ಆರಿಸಿದರು. ಬಳಿಕ ಬ್ರೌಸರಿನಲ್ಲಿ ನನ್ನ ಖಾತೆ ತೆರೆದಾಗ ಮೇಲ್ಗಡೆ ಒಂದು ಸಣ್ಣ ಗುರುತು ಕಾಣಿಸಿಕೊಂಡು, ಇನ್ನು ಮುಂದೆ ಮೇಲ್ ಕೊಂಡಿಗಳನ್ನೆಲ್ಲ ಇಲ್ಲಿಯೇ ತೆರೆಯಲೇ ಎಂದು ಕೇಳಿತು. ಯಜಮಾನರ ಬೆರಳು ಗಾಳಿಯಲ್ಲಿ ನಿಂತಿತು. "ಯಾವಾಗಲೂ ಅಂತ ಕೇಳಲಿಕ್ಕತ್ತದ" ಎಂದರು, ಜಾಮೀನು ನಿಲ್ಲು ಎಂದು ಹೇಳಿಸಿಕೊಂಡವರ ಹಾಗೆ. "ಹೂಂ ಅನ್ರಿ" ಎಂದೆ. ಶಾಲೆಯ ಪುಟಕ್ಕೆ ಹೋಗಿ ಒತ್ತಿ ನೋಡಿದೆವು. ಬಿಳಿ ಹಾಳೆಯ ಹಾಗೆ ನನ್ನ ಖಾತೆ ತೆರೆದುಕೊಂಡಿತು. ಅವರು ಕೈ ಒರೆಸಿಕೊಂಡು, ನಾಳೆ ಸಾವಕಾಶವಾಗಿ ಬರೆಯುವಿಯಂತೆ ಎಂದು ಗವಸು ಹಾಕಿದರು.

ಮರುದಿನ ಬೆಳಿಗ್ಗೆ ಪೆಟ್ಟಿಗೆ ತನ್ನಷ್ಟಕ್ಕೆ ತಾನೇ ಏನೋ ಅಪ್‌ಡೇಟ್ ಮಾಡಿಕೊಂಡು ಎದ್ದಿತು. ಗುಂಡಿ ಒತ್ತಿದೆ. ಚುಕ್ಕೆಗಳು ಸುತ್ತಿದವು. "ನಮಸ್ಕಾರ, ಗುರುರಾಜ."

ಯಜಮಾನರು "ನಾ ಹೇಳಿರ್ಲಿಲ್ಲ?" ಎಂದು ಸುಮ್ಮನಾಗುತ್ತಾರೆಂದುಕೊಂಡೆ. ಹಾಗಾಗಲಿಲ್ಲ. ಅವರ ಮುಖ ಕೆಂಪಗಾಯಿತು. ಅಡತಿಯಲ್ಲಿ ಇದ್ದಷ್ಟು ದಿನ ಅವರು ಒಮ್ಮೆ ಹೇಳಿದ ಮಾತನ್ನು ತೂಕದವನೂ ಹಮಾಲನೂ ತೆಗೆದುಹಾಕಿದ್ದಿಲ್ಲ. "ನಿನ್ನೆ ನಾ ಖುದ್ದ ಹೇಳೇನಿ, ಇವತ್ತ ಕೇಳೂದಿಲ್ಲಂದ್ರ? ನನ್ನ ಹೆಸರ ಹಿಡಕೊಂಡು ಇದೇನು ಗಂಟು ಬಿದ್ದದ?" ಎಂದು ಪೆಟ್ಟಿಗೆಯನ್ನೇ ಗದರಿದರು. ಚಹಾ ಕೂಡ ಕುಡಿಯದೆ ಅದೇ ಗಲ್ಲಿಗಳಲ್ಲಿ ಮತ್ತೆ ಹೊಕ್ಕು ಎಲ್ಲವನ್ನೂ ಹೊಸದಾಗಿ ಮಾಡಿದರು. ಪೆಟ್ಟಿಗೆಯನ್ನು ಒಮ್ಮೆ ಬಂದ್ ಮಾಡಿ, ಚಾಲೂ ಮಾಡಿ, ಗುಂಡಿ ಒತ್ತಿ ಪರೀಕ್ಷಿಸಿದರು. ಈ ಸಲ ನೀಲಿ ಲಕೋಟೆ ಏಳಲಿಲ್ಲ. ನಡೆಯುತ್ತಿರುವುದನ್ನು ಮುಟ್ಟದ ಮನುಷ್ಯ ನನಗಾಗಿ ಎರಡು ಸಲ ಮುಟ್ಟಿದ್ದು ನೋಡಿ ನನಗೆ ಅವರ ಮೇಲೆ ಬಹಳ ಪ್ರೀತಿ ಬಂತು.

ಆದರೆ ಬಿಳಿ ಹಾಳೆಯ ಮೇಲ್ಗಡೆ, ಕಳಿಸುವವರ ಜಾಗದಲ್ಲಿ ಗಾಯತ್ರಿ ಎಂದಿತ್ತು. ಸಹನಾ ಖಾತೆ ಮಾಡಿದಾಗ ಹಾಗೆಯೇ ಹಾಕಿದ್ದಳು, ಅವಳಿಗಾದರೂ ಬೇರೆ ಹೆಸರು ಎಲ್ಲಿ ಗೊತ್ತು? ಖಾತೆಯ ಸೆಟ್ಟಿಂಗ್ಸಿನಲ್ಲಿ ಹುಡುಕಿ, ಹೆಸರು ತಿದ್ದುವ ಜಾಗವನ್ನೂ ಅವರೇ ಕಂಡುಹಿಡಿದರು. ಹಳೆಯದನ್ನು ಅಳಿಸಿದಾಗ ಒಂದು ಖಾಲಿ ಚೌಕ ಉಳಿಯಿತು. ಅದರೊಳಗೆ ಗೆರೆಯೊಂದು ಮಿಣಿಮಿಣಿ ಎನ್ನುತ್ತಿತ್ತು.

ಅವರು ನನ್ನ ಕಡೆ ತಿರುಗಿ ಕೇಳಿದರು. "ಏನಂತ ಹಾಕಲಿ, ಹೇಳು."

ನೋಡಿ, ಎಷ್ಟು ಸಣ್ಣ ಮಾತು. ಆಗ ತಾಟಿನ ಮುಂದೆ ಕೂತಾಗಲೂ ಇದನ್ನೇ ಕೇಳಬಹುದಿತ್ತು. ಕೇಳುವ ಪದ್ಧತಿ ಇರಲಿಲ್ಲ, ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. "ತುಂಗಾ" ಎಂದೆ. ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಅವರು ಅಂದಿನ ಅದೇ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದರು. ಅಂದಿನ ಉಂಗುರ ಇನ್ನೂ ಅಲ್ಲೇ ಇದೆ, ಗೆಣ್ಣು ದಪ್ಪವಾಗಿ ಈಗ ಹೊರಗೆ ಬರುವುದಿಲ್ಲ.

"ಅಡ್ಡಹೆಸರು?"

"ಖಾಲಿ ಬಿಡ್ರಿ."

ಪೆಟ್ಟಿಗೆ ತಕರಾರು ಮಾಡಲಿಲ್ಲ. ಈ ಸಲ ಕೊಡದ ವಿಷಯ, ಬಸಮ್ಮನ ಕೈಯ ವಿಷಯ ಏನೂ ಬರೆಯಲಿಲ್ಲ. "ತುದಿಗೆ ಕೂತವಳು ತುಂಗಾ ಎಂದು ಅಕ್ಕೋರಿಗೆ ಹೇಳಿ" ಎಂದಷ್ಟೇ ಬರೆದು ಕಳಿಸಿದೆ. ತಿಂಗಳು ಮುಗಿಯುತ್ತ ಬಂದಿತ್ತು. ಒಂದು ದಿನ ಉತ್ತರವಿಲ್ಲ, ಮರುದಿನವೂ ಇಲ್ಲ. ನಾನು ಅವರೆಕಾಯಿ ಸುಲಿಯುವುದನ್ನೂ ಕಂಪ್ಯೂಟರಿನ ಮುಂದೆಯೇ ಇಟ್ಟುಕೊಂಡೆ. ಅಕ್ಕೋರು ತುಂಗಾ ಕೂಡ ಇರಲಿಲ್ಲ ಎಂದುಬಿಟ್ಟರೆ ಏನು ಮಾಡುವುದು ಎಂಬ ಹೆದರಿಕೆಯೊಂದು ಒಳಗೇ ಇತ್ತು. ಹಾಗೆಂದರೆ ನನ್ನ ಕಡೆ ಹೇಳುವುದಕ್ಕೆ ಬೇರೆ ಹೆಸರು ಇರಲಿಲ್ಲ.

ಸಂಜೆಯ ಹೊತ್ತಿಗೆ ಉತ್ತರ ಬಂತು. ಆ ಶಿಕ್ಷಕಿ ಒಳ್ಳೆಯ ಹುಡುಗಿ, ಅಕ್ಕೋರು ಆಡಿದ ಮಾತನ್ನು ಆಡಿದ ಹಾಗೆಯೇ ಟೈಪು ಮಾಡಿದ್ದಳು.

"ತುಂಗಾ ಮೇಡಂ ಅವರಿಗೆ ನಮಸ್ಕಾರ. ಹೆಸರು ಹೇಳಿದ ಕೂಡಲೇ ಅಕ್ಕೋರು ಎದ್ದು ಕೂತರು. ಅವರು ಹೇಳಿದ್ದು ಹೀಗೆ: ತುಂಗಾ ಅಂದ್ರ ನನಗ ಗೊತ್ತಿಲ್ಲೇನವಾ? ಆಕಿ ಒಂದ ದಿನಾ ನೆಟ್ಟಗ ಕೂತಾಕಿ ಅಲ್ಲ. ಖೋ ಅನ್ನೂದರೊಳಗ ಎದ್ದ ಬಿಡಾಕಿ. ಎಷ್ಟ ಬೈದೇನಿ, ಎಷ್ಟ ಸೀಟಿ ಊದೇನಿ. ಆಕಿನ್ನ ಕರೀಬೇಕಂತನ ಇರಲಿಲ್ಲ. ಈಗ ಎಲ್ಲಿದ್ದಾಳ, ಬರ್ತಾಳೇನು ಕೇಳು."

ಕೆಳಗೆ ಚಿತ್ರವನ್ನೂ ಕಳಿಸಿದ್ದಳು, ತಿದ್ದಿ ಮುಗಿಸಿದ್ದು. ಶಕುಂತಲಾ, ಮಹಾದೇವಿ, ಬಸಮ್ಮ, ತುದಿಗೆ ತುಂಗಾ. ನಾನು ಅದನ್ನೇ ನೋಡುತ್ತ ಕೂತೆ. ಮುಂದಕ್ಕೆ ಬಾಗಿದ ಆ ಹುಡುಗಿ ಎದ್ದೇ ಬಿಡುತ್ತಾಳೆ ಎನ್ನುವ ಹಾಗಿದ್ದಳು. ಅಡುಗೆ ಮನೆಯಲ್ಲಿ ಯಜಮಾನರು ಚಹಾ ಸೋಸುತ್ತಿದ್ದ ಸದ್ದು ಬರುತ್ತಿತ್ತು. ಅವರಿಗೂ ಅಂದು ಹುಮ್ಮಸ್ಸು. ಒಳಗಿನಿಂದ ಏನೋ ಕೂಗುತ್ತಿದ್ದರು, ಆಮೇಲೆ ಇನ್ನಷ್ಟು ಗಟ್ಟಿಯಾಗಿ ಕೂಗಿದರು. ಕೆಳಗೆ ಸೊಸೈಟಿಯ ಅಂಗಳದಲ್ಲಿ ಮಕ್ಕಳು ಗದ್ದಲ ಮಾಡುತ್ತಿದ್ದವು.

"ಗಾಯತ್ರೀ" ಎಂದರು ಕೊನೆಗೆ.

"ಓ, ಬಂದೆ" ಎಂದು ಎದ್ದೆ.

ಅವರು ಆಗಲೇ ಎರಡೂ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಆಗಿಂದ ತುಂಗಾ ತುಂಗಾ ಅಂತ ಕರೀಲಿಕ್ಕತ್ತೇನಿ, ಚಹಾ ಆರಿ ಹೋತು. ಕೇಳಸಲಿಲ್ಲೇನು?"

ಕೇಳಿಸಿತ್ತು. ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡಿದ್ದೆ.